ಷಡ್ಡು ಹೊಡೆಯಲು ಒಂದು ಹೊತ್ತು

ಜನವರಿ ತಿಂಗಳಲ್ಲಿ ವಿಜಯಪುರದಿಂದ ಸೋಲಾಪುರಕ್ಕೆ ಹೋಗುವ ರೈಲಿನಲ್ಲಿ ಕಿಟಕಿ ಪಕ್ಕದ ಜಾಗ ಸಿಕ್ಕರೆ ಬೇರೆ ಭಾಗ್ಯ ಬೇಡ. ನಿಂಬಾಳ, ಇಂಡಿ ರೋಡ್, ಲಚ್ಯಾಣ ದಾಟುವವರೆಗೂ ಎರಡೂ ಬದಿಗೆ ಆಳೆತ್ತರದ ಬಿಳಿಜೋಳ, ಹಾಲುಗಾಳು ತುಂಬಿದ ತೆನೆ. ಹೊಲದ ಬದುವಿನಲ್ಲಿ ಸೀತನಿ ಸುಡುವ ಹೊಗೆ ಏಳುತ್ತಿತ್ತು. ಭೀಮಾ ನದಿ ದಾಟಿದರೆ ಮಹಾರಾಷ್ಟ್ರ. ಬೋಗಿಯೊಳಗಿನ ಮಾತು ಮಾತ್ರ ಆಚೆಗೂ ಈಚೆಗೂ ಒಂದೇ. ಹೋಟಗಿಯಲ್ಲಿ ಬುಟ್ಟಿ ಹೊತ್ತು ಹತ್ತಿದ ಅಜ್ಜಿ "ಸರ್ಕೋರಿ ಯಪ್ಪಾ, ಇಲ್ಲೇ ಇಳ್ಯಾಕಿ" ಅಂದಾಗ, ನನ್ನ ಪಕ್ಕದಲ್ಲಿದ್ದ ಹುಡುಗ ಬೆರಗಾಗಿ ನನ್ನ ಮುಖ ನೋಡಿದ.

ಹುಡುಗ ಅಂದರೆ ನನ್ನ ಅಕ್ಕನ ಮಗ. ಹುಟ್ಟಿದ್ದು ಧಾರವಾಡದಲ್ಲಿ, ಬೆಳೆದದ್ದು ಅಮೆರಿಕದ ಡಲ್ಲಾಸಿನಲ್ಲಿ. ಕನ್ನಡ ಚೆನ್ನಾಗಿ ಆಡುತ್ತಾನೆ. ಬೇಸ್‌ಬಾಲ್ ಅಂದರೆ ಅವನಿಗೆ ಪ್ರಾಣ. ಅವರೂರಿನ ಟೆಕ್ಸಾಸ್ ರೇಂಜರ್ಸ್ ತಂಡದ ಹತ್ತು ವರ್ಷದ ಆಟ ಬಾಯಿಪಾಠ. ನಾನು ಅವನನ್ನು ಕರೆದುಕೊಂಡು ಹೊರಟದ್ದು ಸೋಲಾಪುರದ ಗಡ್ಡಾ ಜಾತ್ರೆ ತೋರಿಸಲು. ಅಕ್ಕಲಕೋಟ ತಾಲೂಕಿನ ಒಂದು ಹಳ್ಳಿಯಲ್ಲಿ ಕುಸ್ತಿ ಇದೆ ಎಂಬುದು ಗೊತ್ತಾದದ್ದು ಅಲ್ಲಿಗೆ ಹೋದ ಮೇಲೆ.

ಸಿದ್ಧರಾಮೇಶ್ವರರ ಊರು ಸೋಲಾಪುರ. ಕೆರೆಯ ನಡುವೆ ಗುಡಿ, ದಡದಲ್ಲಿ ಕೋಟೆ, ಅದರಾಚೆ ಹೋಮ್ ಮೈದಾನದ ಜಾತ್ರೆ. ಸಂಕ್ರಾಂತಿಯ ಹೊತ್ತಿಗೆ ಏಳು ನಂದಿಧ್ವಜಗಳು ಬೀದಿಗಿಳಿಯುತ್ತವೆ. ಶರಣರನ್ನೇ ಮದುವೆಯಾಗುತ್ತೇನೆಂದು ಹಟ ಹಿಡಿದ ಕುಂಬಾರರ ಕನ್ಯೆಗೆ ಅವರು ತಮ್ಮ ಯೋಗದಂಡದೊಡನೆ ಮದುವೆಯಾಗಲು ಒಪ್ಪಿದರೆಂಬುದು ಇಲ್ಲಿಯ ಕಥೆ. ಆ ಮದುವೆ ಪ್ರತಿವರ್ಷ ಸಮ್ಮತಿ ಕಟ್ಟೆಯ ಬಳಿ ನಡೆಯುತ್ತದೆ, ಲಕ್ಷಗಟ್ಟಲೆ ಜನ ಅಕ್ಷತೆ ಹಾಕುತ್ತಾರೆ. ಧ್ವಜ ಹೊರುವವರೆಲ್ಲ ಬಿಳಿ ಬಾರಾಬಂದಿ ತೊಟ್ಟಿದ್ದರು. ಮಾಳಿಗೆ ಮನೆಗಿಂತ ಎತ್ತರದ ಕೋಲನ್ನು ಒಬ್ಬನೇ ಆಳು ಎತ್ತಿ ಹಿಡಿದು ನಡೆಯುತ್ತಿದ್ದ. ತೋಳಿನ ನರ ಉಬ್ಬಿತ್ತು, ಕೊರಳು ಹಿಂದಕ್ಕೆ ಬಾಗಿತ್ತು, ಕಣ್ಣು ಕೋಲಿನ ತುದಿಯಲ್ಲಿ ನೆಟ್ಟಿತ್ತು. "ಹರ್ರ ಬೋಲಾ ಹರ್ರ" ಎಂಬ ಕೂಗು ಬೀದಿ ತುಂಬಿದರೂ ಆತ ಒಮ್ಮೆಯೂ ಜನರ ಕಡೆ ನೋಡಲಿಲ್ಲ. ಅಷ್ಟು ಬಲ, ಅಷ್ಟು ಜನ, ಆದರೂ ತನ್ನನ್ನು ತೋರಿಸಿಕೊಳ್ಳುವ ಒಂದು ಚಲನೆಯೂ ಇಲ್ಲ. ನನ್ನ ಮೈ ಜುಮ್ಮೆಂದಿತು.

ಮರುದಿನ ಬೆಳಿಗ್ಗೆ ಪಾರ್ಕ್ ಮೈದಾನದ ಕಡೆ ನಡೆದೆವು. ಭಾರತದ ಪರ ಟೆಸ್ಟಿನಲ್ಲಿ ಮೊದಲ ದ್ವಿಶತಕ ಹೊಡೆದ ಪಾಲಿ ಉಮ್ರಿಗರ್ ಹುಟ್ಟಿದ್ದು ಈ ಊರಿನಲ್ಲಿ ಎಂದು ಹುಡುಗನಿಗೆ ಹೇಳುತ್ತಿದ್ದೆ. ಅಷ್ಟರಲ್ಲಿ ಟೆನಿಸ್ ಬಾಲ್ ಆಡುತ್ತಿದ್ದ ಒಬ್ಬ ಪೋರ ಸಿಕ್ಸರ್ ಎತ್ತಿ, ಬ್ಯಾಟನ್ನು ಗಿರ್ರನೆ ಮೇಲಕ್ಕೆಸೆದು, ಬೌಲರನ ಮುಂದೆಯೇ ಕೈ ಬೀಸಿ ಕುಣಿದ. ನನ್ನ ಅಳಿಯ ನಕ್ಕ. "ಮಾಮಾ, ಇದನ್ನ ನಮ್ಮ ಕಡೆ ಮಾಡಿದ್ರೆ ಮುಂದಿನ ಚೆಂಡು ಪಕ್ಕೆಲುಬಿಗೆ ಬರತದ" ಅಂದ.

ಆಮೇಲೆ ಚಹಾದಂಗಡಿಯ ಬೆಂಚಿನ ಮೇಲೆ ಅವನು ಹೇಳಿದ ಕಥೆ ಕೇಳಿ ನನಗೆ ದಿಗಿಲಾಯಿತು. 2015ರ ಅಕ್ಟೋಬರಿನಲ್ಲಿ ಟೊರಾಂಟೊ ತಂಡದ ಹೋಸೆ ಬಟಿಸ್ಟಾ ರೇಂಜರ್ಸ್ ವಿರುದ್ಧದ ನಿರ್ಣಾಯಕ ಪಂದ್ಯದಲ್ಲಿ ಚೆಂಡನ್ನು ಗ್ಯಾಲರಿಗೆ ಹೊಡೆದು, ನಿಂತು ನೋಡಿ, ಬ್ಯಾಟನ್ನು ದೂರ ಎಸೆದ. ಪಂದ್ಯ ಮುಗಿದರೂ ಸಿಟ್ಟು ಮುಗಿಯಲಿಲ್ಲ. ಮುಂದಿನ ವರ್ಷ ಮೇ ತಿಂಗಳಲ್ಲಿ ರೇಂಜರ್ಸ್ ಬೌಲರ್ ಅವನ ಮೈಗೆ ಚೆಂಡೆಸೆದ. ಅದಾದ ಮೇಲೆ ರೂಗ್ನೆಡ್ ಓಡೋರ್ ಎಂಬ ಆಟಗಾರ ಅವನ ದವಡೆಗೆ ಗುದ್ದಿದ. 2020ರಲ್ಲಿ ಫರ್ನಾಂಡೊ ಟಾಟಿಸ್ ಎಂಬ ಎಳೆಯ ಆಟಗಾರ ತನ್ನ ತಂಡ ಏಳು ರನ್ ಮುಂದಿದ್ದಾಗ ಮತ್ತೊಂದು ದೊಡ್ಡ ಹೊಡೆತ ಹೊಡೆದದ್ದೇ ಅಪರಾಧವಾಯಿತು. ಸೋಲುತ್ತಿದ್ದ ರೇಂಜರ್ಸ್ ಬೌಲರ್ ಮುಂದೆ ಬಂದವನ ಬೆನ್ನ ಹಿಂದಿನಿಂದ ಹಾಯುವಂತೆ ಚೆಂಡೆಸೆದು ಸಿಟ್ಟು ತೀರಿಸಿಕೊಂಡ. ಹೊಡೆದು ಮೆರೆಯಬಾರದು, ಗೆಲ್ಲುತ್ತಿರುವಾಗ ಮತ್ತೆ ಮೇಲೆ ಬೀಳಬಾರದು: ಯಾವ ಪುಸ್ತಕದಲ್ಲೂ ಬರೆಯದ ಕಟ್ಟಳೆಗಳಂತೆ ಇವು. ಹಳಬರು ಇವನ್ನು ಆಟದ ಮರ್ಯಾದೆ ಅನ್ನುತ್ತಾರೆ. ಹೊಸಬರು, ಖುಷಿಪಟ್ಟರೆ ತಪ್ಪೇನು ಎಂದು ಕೇಳುತ್ತಾರೆ. ಹುಡುಗನಿಗೆ ಎರಡೂ ಸರಿ ಕಾಣುತ್ತವೆ, ಎರಡೂ ತಪ್ಪು ಕಾಣುತ್ತವೆ.

ನಾನು ನಮ್ಮ ವಿಶ್ವನಾಥರ ಕಥೆ ಹೇಳಿದೆ. 1980ರ ಫೆಬ್ರವರಿ, ಮುಂಬೈಯ ಸುವರ್ಣ ಮಹೋತ್ಸವ ಟೆಸ್ಟು. ಭದ್ರಾವತಿಯ ಜಿ.ಆರ್. ವಿಶ್ವನಾಥ್ ಭಾರತದ ನಾಯಕ. ಇಂಗ್ಲೆಂಡಿನ ಬಾಬ್ ಟೇಲರ್ ಕೀಪರನಿಗೆ ಕ್ಯಾಚಿತ್ತನೆಂದು ಅಂಪೈರ್ ಕೈಯೆತ್ತಿದ್ದರು. ಚೆಂಡು ಬ್ಯಾಟಿಗೆ ತಾಗಿಲ್ಲವೆಂದು ಸ್ಲಿಪ್ಪಿನಲ್ಲಿದ್ದ ವಿಶ್ವನಾಥರಿಗೆ ಅನ್ನಿಸಿತು, ವಾಪಸ್ ಕರೆಸಿದರು. ಟೇಲರ್ 43 ಹೊಡೆದ, ಬಾಥಮ್ ಜೊತೆ 171 ರನ್ ಸೇರಿಸಿದ, ಭಾರತ ಹತ್ತು ವಿಕೆಟ್‌ಗಳಿಂದ ಸೋತಿತು. ಹುಡುಗ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಮಾಮಾ, ಹಂಗಂದ್ರ ಖುಷಿ ತೋರಿಸಲೇಬಾರದೇನು?" ಅಂದ. ಈ ಪ್ರಶ್ನೆಗೆ ವಿಶ್ವನಾಥರ ಕಥೆಯಲ್ಲಿ ಉತ್ತರವಿಲ್ಲ. ಉತ್ತರ ಸಿಕ್ಕಿದ್ದು ಅದೇ ದಿನ ಮಧ್ಯಾಹ್ನ, ಕೆಮ್ಮಣ್ಣಿನಲ್ಲಿ.

ಸೋಲಾಪುರದಿಂದ ಅಕ್ಕಲಕೋಟ ಸುಮಾರು 40 ಕಿಲೋಮೀಟರ್. ವಳಸಂಗ ದಾಟಿದರೆ ಬಸ್ಸಿನಲ್ಲಿ ಕನ್ನಡ ಇನ್ನೂ ಗಟ್ಟಿಯಾಗುತ್ತದೆ. 1967ರ ಮಹಾಜನ್ ವರದಿ ಕರ್ನಾಟಕಕ್ಕೆ ಸೇರಲಿ ಎಂದು ಹೇಳಿದ ಊರುಗಳಲ್ಲಿ ಅಕ್ಕಲಕೋಟವೂ ಒಂದು. ಸ್ವಾಮಿ ಸಮರ್ಥರು ಕೂತಿದ್ದ ಆಲದ ಮರದ ಗುಡಿಯಲ್ಲಿ ಕೈಮುಗಿದು, ಖಡಕ್ ರೊಟ್ಟಿ, ಶೇಂಗಾ ಚಟ್ನಿ ತಿಂದು, ಟಂಟಂ ಹತ್ತಿ ಹಳ್ಳಿಗೆ ಹೋದೆವು.

ಊರ ಹೊರಗಿನ ಹೊಲ. ಸುತ್ತಲೂ ಜನ, ಟ್ರ್ಯಾಕ್ಟರ್ ಟ್ರಾಲಿ ಮೇಲೆ ಜನ, ಬೇವಿನ ಕೊಂಬೆ ಮೇಲೆ ಜನ. ನಡುವೆ ಕಣ. ಕೆಮ್ಮಣ್ಣನ್ನು ಜರಡಿ ಹಿಡಿದು ಅದಕ್ಕೆ ಎಣ್ಣೆ, ಮಜ್ಜಿಗೆ, ಅರಿಶಿನ, ಲಿಂಬೆರಸ ಬೆರೆಸಿ ಹದ ಮಾಡಿದ್ದರು. ಒಂದು ಹಿಡಿ ಎತ್ತಿ ಮೂಸಿದೆ. ಬಿಸಿಲಿಗೆ ಕಾದ ಆ ಮಣ್ಣಿನ ವಾಸನೆ ನನಗೆ ಈ ಜನ್ಮದಲ್ಲಿ ಮರೆಯುವಂಥದ್ದಲ್ಲ. ಒಂದು ಮೂಲೆಯಲ್ಲಿ ಹನುಮಪ್ಪನ ಫೋಟೊ, ಕಾಯಿಯ ರಾಶಿ, ಪಂಚರು ಕೂತ ಚಾಪೆ. ಹಲಗಿಯವರು ನಿಂತೇ ಬಾರಿಸುತ್ತಿದ್ದರು.

ಮೊದಲು ಚಿಕ್ಕ ಹುಡುಗರ ಕಾಯಿ ಕುಸ್ತಿ. ಗೆದ್ದವನಿಗೆ ತೆಂಗಿನಕಾಯಿ. ಒಬ್ಬ ಹುಡುಗ ಕೈ ಮೇಲೆತ್ತಿ ಕಣದ ಸುತ್ತ ಓಡುತ್ತಾನೆ, ಯಾರಾದರೂ ಬರ್ರಿ ಎಂಬಂತೆ. ಇನ್ನೊಬ್ಬ ಬಂದು ಅವನ ಕೈ ಹಿಡಿಯುತ್ತಾನೆ. ಪಂಚರು ಇಬ್ಬರನ್ನೂ ಬೆನ್ನಿಗೆ ಬೆನ್ನು ಹಚ್ಚಿ ನಿಲ್ಲಿಸಿ ಎತ್ತರ ನೋಡಿ, ತೋಳು ಮುಟ್ಟಿ ನೋಡಿ ಜೋಡಿ ಕಟ್ಟುತ್ತಾರೆ. ಒಬ್ಬ ದಪ್ಪಗಿದ್ದರೆ "ಜೋಡಿ ಆಗೂದಿಲ್ಲ, ನಡಿ" ಎಂದು ಕಳಿಸುತ್ತಾರೆ. ಎಷ್ಟೇ ಚಪ್ಪಾಳೆ ಬಿದ್ದರೂ ಎಳೆಯನನ್ನು ಬಲಿಷ್ಠನ ಕೈಗೆ ಕೊಡುವುದಿಲ್ಲ.

ಜೋಡಿ ಕಟ್ಟಿದ ಮೇಲೆ ಷಡ್ಡು. ತೊಡೆ ತಟ್ಟುವ ಆ ಸದ್ದು ಟ್ರಾಲಿ ಮೇಲೆ ಕೂತವರಿಗೂ ಕೇಳಬೇಕು. ಒಬ್ಬನು ನೆಗೆದು ತಟ್ಟಿದ, ಇನ್ನೊಬ್ಬನು ಮಂಡಿಯೂರಿ ತಟ್ಟಿದ. ಎದೆ ಉಬ್ಬಿಸಿದರು, ತೋಳು ತಿರುವಿದರು, ಗಿರಕಿ ಹೊಡೆದರು. ಹಲಗಿಯ ಲಯವೂ ಅವರನ್ನು ಹುರಿದುಂಬಿಸಿತು. ನನ್ನ ಅಳಿಯ ಸೀಟಿ ಊದಿದ. ಇಷ್ಟು ಆಡಂಬರ ಅವನು ಬೇಸ್‌ಬಾಲಿನಲ್ಲೂ ಕಂಡಿರಲಾರ.

ಆಮೇಲೆ ಸಲಾಮಿ. ಇಲ್ಲಿ ಎಲ್ಲವೂ ಬದಲಾಯಿತು. ಇಬ್ಬರೂ ಬಗ್ಗಿ ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಂಡರು. ಒಂದೊಂದು ಹಿಡಿ ಮಣ್ಣೆತ್ತಿ ಒಬ್ಬರ ಹೆಗಲು, ಭುಜ, ಕುತ್ತಿಗೆಗೆ ಇನ್ನೊಬ್ಬರು ಹಚ್ಚಿದರು. ಬೆವರಿದ ಮೈ ಹಿಡಿತಕ್ಕೆ ಜಾರುತ್ತದೆ, ಮಣ್ಣು ಹಚ್ಚಿದರೆ ಜಾರುವುದಿಲ್ಲ. ಹೀಗೆ ಮಣ್ಣು ಹಚ್ಚಿಸಿಕೊಂಡವನು ತನ್ನನ್ನು ಹಿಡಿಯುವುದನ್ನು ಎದುರಾಳಿಗೆ ತಾನೇ ಸುಲಭ ಮಾಡಿಕೊಟ್ಟಂತೆ! ಯಾವ ಆಟದಲ್ಲೂ ನಾನು ಇಂಥ ಸಭ್ಯತೆ ಕಂಡಿಲ್ಲ. ಕೈಗೆ ಕೈ ತಾಗಿದ ಮೇಲೆ ಷಡ್ಡು ಇಲ್ಲ, ಮಾತಿಲ್ಲ, ಉಸಿರಷ್ಟೇ.

ಸುಮಾರು ಹದಿಮೂರು, ಹದಿನಾಲ್ಕರ ಒಬ್ಬ ಹುಡುಗ ಒಳ್ಳೆಯ ಪಟ್ಟು ಹಾಕಿ ಎದುರಿನವನನ್ನು ಚಿತ್ ಮಾಡಿದ. ಎರಡೂ ಭುಜ ನೆಲಕ್ಕೆ ಹತ್ತಿದವು. ಜನ ಕೂಗಿದರು. ಆ ಉಮೇದಿನಲ್ಲಿ ಅವನು ಎದ್ದು ನಿಂತು, ಬಿದ್ದವನ ಎದೆಯ ಎದುರಿಗೇ ಕಾಲೂರಿ, ಪಟಪಟ ತೊಡೆ ತಟ್ಟಿದ.

ಹಲಗಿ ನಿಂತುಬಿಟ್ಟಿತು. ಬಾರಿಸುವವನಿಗೆ ಯಾರೂ ಹೇಳಲಿಲ್ಲ, ಅವನೇ ಕೋಲು ಕೆಳಗಿಳಿಸಿದ. ಹುಡುಗನಿಗೆ ಅರ್ಥವಾಗಲಿಲ್ಲ, ಸುತ್ತ ನೋಡಿದ. ಕಂಬದ ಬಳಿ ಕೂತಿದ್ದ ಅವನ ವಸ್ತಾದರು, ರುಮಾಲು ಸುತ್ತಿದ ಹಿರಿಯರು, ದನಿಯೇರಿಸದೆ ಹೇಳಿದರು: "ತಮ್ಮಾ, ಷಡ್ಡು ಮೊದಲ ಹೊಡಿಬೇಕು. ಬಿದ್ದಂವನ ಮ್ಯಾಲೆ ಅಲ್ಲ. ಎಬ್ಬಸು ಅವನ್ನ." ಹುಡುಗ ಓಡಿಹೋಗಿ ಕೈ ಕೊಟ್ಟು ಎಬ್ಬಿಸಿದ. ಅಷ್ಟಕ್ಕೇ ಬಿಡಲಿಲ್ಲ, ಅವನ ಬೆನ್ನಿಗೆ ಹತ್ತಿದ ಮಣ್ಣನ್ನು ಅಂಗೈಯಿಂದ ಒರೆಸಿದ. ಸೋತವನ ಸೋಲಿಗೆ ಸಾಕ್ಷಿ ಆ ಬೆನ್ನ ಮಣ್ಣೇ. ಅದನ್ನು ಗೆದ್ದವನ ಕೈಯೇ ಅಳಿಸಿತು. ಆಗ ಹಲಗಿ ಮತ್ತೆ ಶುರುವಾಯಿತು. ಕಾಯಿ ಕೈಗೆ ಬಂದದ್ದೂ ಆಮೇಲೆಯೇ.

"ಮಾಮಾ, ಇಲ್ಲಿ ಯಾರ ಪಕ್ಕೆಲುಬಿಗೂ ಪೆಟ್ಟು ಬೀಳಲಿಲ್ಲ" ಅಂದ ನನ್ನ ಅಳಿಯ. ಅವನ ಗಂಟಲು ಕಟ್ಟಿತ್ತು.

ಅಮೆರಿಕದ ಬೇಸ್‌ಬಾಲಿಗೂ ಇಲ್ಲಿಯ ಕಣಕ್ಕೂ ಇರುವ ಅಂತರ ನನಗೆ ಅಲ್ಲಿ ನಿಚ್ಚಳವಾಯಿತು. ಮೆರೆಯುವ ಆಸೆ ಮನುಷ್ಯನಿಗೆ ಇದ್ದದ್ದೇ. ಅಲ್ಲಿ ಅದಕ್ಕೆ ಜಾಗವೇ ಕೊಡದೆ, ಮೆರೆದವನನ್ನು ಆಮೇಲೆ ಚೆಂಡಿನಿಂದ ದಂಡಿಸಿದರು. ಇಲ್ಲಿ ಅದಕ್ಕೆ ಹೊತ್ತು ಗೊತ್ತು ಮಾಡಿದ್ದಾರೆ: ಕಾಳಗಕ್ಕೆ ಮೊದಲು, ಇಬ್ಬರೂ ಸಮಸಮ ನಿಂತಿರುವಾಗ, ಯಾರು ಗೆಲ್ಲುವರೆಂದು ಯಾರಿಗೂ ಗೊತ್ತಿಲ್ಲದಾಗ. ಆಗ ತೊಡೆ ತಟ್ಟುವುದಕ್ಕೆ ಧೈರ್ಯ ಬೇಕು. ಗೆದ್ದ ಮೇಲೆ ತಟ್ಟಲು ಯಾವ ಧೈರ್ಯವೂ ಬೇಡ.

ದೊಡ್ಡ ಕುಸ್ತಿಗಳು ಸಂಜೆಯವರೆಗೆ ನಡೆದವು. ಬೆಳ್ಳಿ ಕಡಗದ ಕುಸ್ತಿಯಲ್ಲಿ ಇಬ್ಬರು ಪೈಲ್ವಾನರು ಕತ್ತಿಗೆ ಕತ್ತು ಕೊಟ್ಟು ಬಹಳ ಹೊತ್ತು ಸೆಣಸಿದರು. ಕಡೆಗೆ ಪಂಚರು ಬರಾಬರಿ ಎಂದು ಇಬ್ಬರ ಕೈಯನ್ನೂ ಎತ್ತಿದರು. ಜನರಲ್ಲಿ ಯಾರಿಗೂ ಬೇಸರವಾಗಲಿಲ್ಲ.

ವಸ್ತಾದರ ಪಕ್ಕ ಕೂತು ಮಾತಿಗೆಳೆದೆ. ಗಡಿ ಅವರಿಗೆ ಲೆಕ್ಕಕ್ಕಿಲ್ಲ. 1959ರಲ್ಲಿ ಮೊದಲ ಹಿಂದ್ ಕೇಸರಿಯಾದ ಶ್ರೀಪತಿ ಖಂಚನಾಳೆ ಬೆಳಗಾವಿ ಜಿಲ್ಲೆಯ ಏಕಸಂಬೆಯವರು, ಬಾಳಿದ್ದು ಕೊಲ್ಲಾಪುರದಲ್ಲಿ. ಅವರ ಹೆಸರು ಹೇಳುವಾಗ ವಸ್ತಾದರು ಕಿವಿ ಮುಟ್ಟಿಕೊಂಡರು. ಈಗಿನ ಮಾತು ಬಂದಾಗ ಮಾತ್ರ ಅವರ ಮುಖ ಬಾಡಿತು. 2025ರ ಫೆಬ್ರವರಿಯಲ್ಲಿ ಅಹಿಲ್ಯಾನಗರದ ಮಹಾರಾಷ್ಟ್ರ ಕೇಸರಿ ಕುಸ್ತಿಯಲ್ಲಿ ತೀರ್ಪಿಗೆ ಸಿಟ್ಟಾಗಿ ಶಿವರಾಜ್ ರಾಕ್ಷೆ ಪಂಚರಿಗೆ ಒದ್ದದ್ದು, ಅಂತಿಮ ಪಂದ್ಯದಲ್ಲಿ ಇದೇ ಸೋಲಾಪುರ ಜಿಲ್ಲೆಯ ಮಹೇಂದ್ರ ಗಾಯಕವಾಡ ಕೆಲವೇ ಸೆಕೆಂಡು ಉಳಿದಿರುವಾಗ ಕಣ ಬಿಟ್ಟು ನಡೆದದ್ದು, ಇಬ್ಬರಿಗೂ ಮೂರು ವರ್ಷ ನಿಷೇಧ ಬಿದ್ದದ್ದು ಈ ಭಾಗದ ಪ್ರತಿ ತಾಲೀಮಿನಲ್ಲೂ ಚರ್ಚೆಯಾಗಿದೆ. ತೀರ್ಪು ಸರಿಯೋ ತಪ್ಪೋ ಎಂಬ ವಾದ ಬೇರೆ. "ಪಂಚರು ತಪ್ಪಿದ್ರ ಬಾಯಿಲೆ ಕೇಳ್ರಿ, ಕಾಲಿಲೆ ಅಲ್ರಿ" ಅಂದರು ವಸ್ತಾದರು.

ಅವರು ಬದಲಿಗೆ ಸಿಕಂದರ್ ಶೇಖನ ಮಾತೆತ್ತಿದರು. ಇದೇ ಜಿಲ್ಲೆಯ ಮೋಹೋಳದವನು, ಕೊಲ್ಲಾಪುರದ ಗಂಗಾವೇಶ ತಾಲೀಮಿನಲ್ಲಿ ಬೆಳೆದವನು. 2023ರ ಜನವರಿಯಲ್ಲಿ ಪುಣೆಯ ಮಹಾರಾಷ್ಟ್ರ ಕೇಸರಿ ಕುಸ್ತಿಯಲ್ಲಿ ಮಹೇಂದ್ರನ ಎದುರು ಅವನು ಸೋತಾಗ, ಒಂದು ಪಟ್ಟಿಗೆ ಕೊಟ್ಟ ನಾಲ್ಕು ಅಂಕ ಸರಿಯಲ್ಲವೆಂದು ಇಡೀ ರಾಜ್ಯ ಕೂಗಾಡಿತು. ಅದೇ ವರ್ಷ ನವೆಂಬರಿನಲ್ಲಿ ಫುಲಗಾಂವದಲ್ಲಿ ಅವನು ಶಿವರಾಜನನ್ನು ಅರ್ಧ ನಿಮಿಷದೊಳಗೆ ಚಿತ್ ಮಾಡಿ ಗದೆ ಹೊತ್ತ. ಅನ್ಯಾಯವಾಯಿತು ಅನ್ನಿಸಿದರೆ ಕಣದಲ್ಲೇ ಹೀಗೆ ಉತ್ತರ ಕೊಡಬೇಕು ಎಂಬುದು ವಸ್ತಾದರ ಮಾತು. ನನಗೂ ಅದೇ ಸರಿ ಕಾಣುತ್ತದೆ.

ಹೊರಡುವಾಗ ವಸ್ತಾದರು ಒಂದು ಆತಂಕ ಹೇಳಿಕೊಂಡರು. ಹೆಸರುವಾಸಿ ಪೈಲ್ವಾನರನ್ನು ದೊಡ್ಡ ದುಡ್ಡು ಕೊಟ್ಟು ಕರೆಸುವ ಕಡೆ ಹೊತ್ತು ಸಾಲದೆಂದು ಚಿಕ್ಕವರ ಕುಸ್ತಿಗಳನ್ನು ಬಿಡುತ್ತಾರಂತೆ. ಅಕ್ಕಲಕೋಟ, ಇಂಡಿ, ಆಳಂದ, ಜತ್ತ, ಎಲ್ಲ ಕಡೆಯ ಜಾತ್ರೆ ಕಮಿಟಿಯವರಲ್ಲಿ ನನ್ನದು ಒಂದೇ ವಿನಂತಿ: ಬೇಕಾದರೆ ಭಾಷಣ ಬಿಡಿ, ಸತ್ಕಾರ ಬಿಡಿ, ಆದರೆ ಕಾಯಿ ಕುಸ್ತಿ ಬಿಡಬೇಡಿ. ಷಡ್ಡು ಯಾವಾಗ ಹೊಡೆಯಬೇಕೆಂದು ಹುಡುಗರು ಕಲಿಯುವುದು ಅಲ್ಲಿಯೇ.