ಖಾನೆಗೆ ಒಗ್ಗದ ಸರಕು

ಬಳೆಯ ಅಳತೆ ಗೊತ್ತಿಲ್ಲದವರು ಕಂಪ್ಯೂಟರಿಗೆ ಬಳೆ ವ್ಯಾಪಾರ ಕಲಿಸಲು ಹೊರಟರೆ ಏನಾಗುತ್ತದೆ ಎಂಬುದನ್ನು ನಾವು ಆನವಟ್ಟಿಯಲ್ಲಿ ಕಣ್ಣಾರೆ ಕಂಡೆವು. ನಮ್ಮ ಆಪಾ ಇಲ್ಲಿ ಬಳೆ ಅಂಗಡಿ ಇಟ್ಟು ಮೂವತ್ತು ವರ್ಷ ದಾಟಿದೆ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಅವರ ಮಗ ರಜೆಗೆ ಬಂದವನು, ಅಂಗಡಿಯ ಲೆಕ್ಕವನ್ನೆಲ್ಲ ಕಂಪ್ಯೂಟರಿಗೆ ಏರಿಸಿಯೇ ಹೋಗುತ್ತೇನೆಂದು ಪಟ್ಟು ಹಿಡಿದು ಕುಳಿತ. ಆಪಾ ಲೆಕ್ಕ ಬರೆಯುವುದು ಉರ್ದುವಿನಲ್ಲಿ. ಅವನಿಗೆ ಉರ್ದು ಓದಲು ಬಾರದು. ಉರ್ದು ಶಾಲೆ, ಕನ್ನಡ ಶಾಲೆ ಎರಡರ ಬೆಂಚೂ ಸವೆಸಿದ ನಮ್ಮನ್ನು ನಡುವೆ ದುಭಾಷಿಯಾಗಿ ಕೂರಿಸಿದರು.

ಬಳೆಯ ಅಳತೆ ಎರಡು-ನಾಲ್ಕು, ಎರಡು-ಆರು, ಎರಡು-ಎಂಟು, ಎರಡು-ಹತ್ತು ಎಂದು ಏರುತ್ತದೆ. ಎರಡು ಅಂಗುಲ, ಅದರ ಮೇಲೆ ಅಂಗುಲದ ಹದಿನಾರು ಪಾಲುಗಳಲ್ಲಿ ಇಷ್ಟು. ಇದು ಬಳೆಯ ಒಳಗಿನ ಅಗಲ. ಡಬ್ಬಿಯ ಮೇಲೆ ಮಾತ್ರ 2.4, 2.10 ಎಂದು ಅಚ್ಚಾಗಿರುತ್ತದೆ. ಹುಡುಗ ಅದನ್ನು ದಶಮಾಂಶವೆಂದುಕೊಂಡ. ಅವನು ಒತ್ತಿದ 2.10ರ ಸೊನ್ನೆಯನ್ನು ಯಂತ್ರ ನುಂಗಿ 2.1 ಮಾಡಿತು. ದಪ್ಪ ಕೈಯವರ ಬಳೆ ಎರಡು-ಎರಡಕ್ಕಿಂತಲೂ ಕೆಳಗೆ ಹೋಗಿ ಕುಳಿತಿತು. ಆಪಾ ನಕ್ಕದ್ದೇ ನಕ್ಕದ್ದು.

ನಮ್ಮ ಪಹಣಿಯ ಕಥೆಯೂ ಇದೇ ಅಲ್ಲವೇ? ಹದಿನಾರು ಆಣೆಗೆ ಒಂದು ಗುಂಟೆ, ನಲವತ್ತು ಗುಂಟೆಗೆ ಒಂದು ಎಕರೆ. 1 ಎಕರೆ 20 ಗುಂಟೆಗೆ 1 ಎಕರೆ 30 ಗುಂಟೆ ಕೂಡಿದರೆ 2.50 ಅಲ್ಲ, 3 ಎಕರೆ 10 ಗುಂಟೆ. 'ಭೂಮಿ' ಯೋಜನೆಯಲ್ಲಿ ಕೈಬರಹದ ಪಹಣಿ ಕಂಪ್ಯೂಟರಿಗೆ ಬಂದ ಮೇಲೂ ಎಕರೆ, ಗುಂಟೆ, ಆಣೆ ಬೇರೆ ಬೇರೆಯಾಗಿಯೇ ಉಳಿದಿವೆ. ಅಂದ ಹಾಗೆ ಖುಷ್ಕಿ, ತರಿ, ಬಾಗಾಯ್ತು, ಖರಾಬು ಎನ್ನುವಾಗ ಸೊರಬದ ಗೌಡರೂ ನಾವೂ ಒಂದೇ ಭಾಷೆ ಆಡುತ್ತೇವೆ; ಅದು ಯಾವ ಭಾಷೆ ಎಂದು ಯಾರೂ ಕೇಳುವುದಿಲ್ಲ.

ಅಳತೆ ಸರಿಯಾದ ಮೇಲೆ ದೊಡ್ಡ ತಕರಾರು ಶುರುವಾಯಿತು. ಅಂಗಡಿಯಲ್ಲಿ ಬಳೆಯೊಂದೇ ಇದೆಯೇ? ಬಳೆಗೆ ಅಳತೆ, ಬಣ್ಣ, ಡಜನ್. ರಿಬ್ಬನ್ನಿಗೆ ಮೀಟರು. ಅತ್ತರಿಗೆ ತೊಲ. ಮೆಹಂದಿ ಕೋನಿಗೆ ಅವಧಿ ಮುಗಿಯುವ ದಿನಾಂಕ. ಎಲ್ಲವನ್ನೂ ಒಂದೇ ಪಟ್ಟಿಗೆ ತುಂಬಿದಾಗ ಮುಕ್ಕಾಲು ಪಾಲು ಖಾನೆಗಳು ಖಾಲಿ. ಆ ಖಾಲಿಗೆ ಅರ್ಥವಾದರೂ ಏನು? ಅತ್ತರಿಗೆ ಬಳೆಯ ಅಳತೆ ಅನ್ವಯಿಸುವುದಿಲ್ಲ ಎಂದೋ, ಗೊತ್ತಿಲ್ಲ ಎಂದೋ, ಇನ್ನೂ ಬರೆದಿಲ್ಲ ಎಂದೋ? ಮೂರೂ ಬೇರೆ ಬೇರೆ ಸಂಗತಿಗಳು, ಕಾಣುವುದು ಮಾತ್ರ ಒಂದೇ ತರಹ. ಹುಡುಗ ಒಂದೊಂದು ಸರಕಿಗೆ ಒಂದೊಂದು ಪಟ್ಟಿ ಮಾಡಿ ನೋಡಿದ. ಆಗ ಒಂದು ಬಿಲ್ ಬರೆಯಲು ಎಲ್ಲ ಪಟ್ಟಿಗಳನ್ನೂ ತಡಕಾಡಬೇಕಾಯಿತು. ಬಳಿಕ 'ಸರಕು, ಗುಣ, ಬೆಲೆಬಾಳುವ ವಿವರ' ಎಂದು ಮೂರೇ ಖಾನೆ ಇಟ್ಟು, ಏನು ಬೇಕಾದರೂ ಬರೆಯಿರಿ ಎಂದ. ಆಪಾನ ಅಂಗಡಿ ಹುಡುಗಿ ಅಳತೆಯ ಜಾಗದಲ್ಲಿ 'ಕೆಂಪು' ಎಂದು ಒತ್ತಿದಳು. ಯಂತ್ರ ಚಕಾರವೆತ್ತಲಿಲ್ಲ.

ಏನನ್ನಾದರೂ ತುಂಬಬಹುದಾದ ಖಾನೆಯ ಗತಿ ನಮಗೆ ಹೊಸತಲ್ಲ. ಪಹಣಿಯ 11ನೇ ಕಾಲಂ ಇದೆಯಲ್ಲ, ಹಕ್ಕುಗಳು ಮತ್ತು ಋಣಗಳದ್ದು. ಬ್ಯಾಂಕಿನ ಸಾಲವೂ ಅಲ್ಲೇ, ಕೋರ್ಟಿನ ತಡೆಯಾಜ್ಞೆಯೂ ಅಲ್ಲೇ. 2024ರಲ್ಲಿ ವಿಜಯಪುರದ ಕಡೆ ವಕ್ಫ್ ಎಂಬ ನಮೂದಿನ ಬಗ್ಗೆ ಎದ್ದ ಗದ್ದಲವೂ ಇದೇ ಕಾಲಮ್ಮಿನದು.

ಕೊನೆಗೆ ಹುಡುಗ ನಡುದಾರಿ ಹಿಡಿದ. ಹೆಸರು, ದರ, ಉಳಿದ ದಾಸ್ತಾನು ಎಲ್ಲ ಸರಕಿಗೂ ಸಮಾನವಾದವು. ಅವು ಒಂದೇ ಪಟ್ಟಿಯಲ್ಲಿ. ಆಯಾ ಸರಕಿನ ವಿಶೇಷಗಳು ಬೇರೆ ಪಟ್ಟಿಗಳಲ್ಲಿ, ನಡುವೆ ಸಂಬಂಧಕ್ಕೆ ಒಂದು ನಂಬರು. ಫಾರಂ ತೆರೆದರೆ ಮೊದಲು 'ಯಾವ ಸರಕು?' ಎಂದು ಕೇಳುತ್ತದೆ. ಬಳೆ ಎಂದರೆ ಬಳೆಯ ಪ್ರಶ್ನೆ, ಅತ್ತರ್ ಎಂದರೆ ಅತ್ತರಿನ ಪ್ರಶ್ನೆ. ಪಟ್ಟಿಗಳನ್ನು ಹೀಗೆ ಸಂಬಂಧ ಕಟ್ಟಿ ಇಡುವ ವಿದ್ಯೆಗೆ ಐಬಿಎಂ ಕಂಪನಿಯ ಎಡ್ಗರ್ ಕಾಡ್ 1970ರಲ್ಲೇ ಬುನಾದಿ ಹಾಕಿದ್ದರಂತೆ. ನಮಗೆ ನೆನಪಾದವರು ಎಸ್. ಆರ್. ರಂಗನಾಥನ್. 1933ರ ಅವರ ಕೋಲನ್ ವರ್ಗೀಕರಣದಲ್ಲಿ ವೈದ್ಯಕ್ಕೆ ಕೇಳುವ ಪ್ರಶ್ನೆಯೇ ಬೇರೆ, ಬೇಸಾಯಕ್ಕೆ ಕೇಳುವುದೇ ಬೇರೆ.

ಸರಕು ಮುಗಿದು ಉದ್ರಿಗೆ ಬಂದಾಗ ನಾವೂ ಬಾಯಿ ಹಾಕಬೇಕಾಯಿತು. 'ಹಣ ಕೊಡುವ ದಿನಾಂಕ' ಎಂಬ ಖಾನೆಗೆ ಹುಡುಗ ಕೆಂಪು ಚುಕ್ಕೆ ಇಟ್ಟಿದ್ದ. ತುಂಬದಿದ್ದರೆ ಫಾರಂ ಮುಂದೆ ಹೋಗುವುದಿಲ್ಲ. ಆಪಾನ ಪುಸ್ತಕದಲ್ಲಿ ಇದ್ದದ್ದು 'ಭತ್ತ ಬಂದ ಮೇಲೆ', 'ಶುಂಠಿ ಕಿತ್ತ ಮೇಲೆ', 'ಮಗಳ ಬಾಣಂತನ ಮುಗಿದ ಮೇಲೆ'.

"ಯಾವುದಾದರೂ ಒಂದು ತಾರೀಖು ಹಾಕಿ ಮಾಮು" ಎಂದ.

ಕಡ್ಡಾಯದ ಖಾನೆ ಜನರಿಂದ ಸುಳ್ಳು ಬರೆಸುತ್ತದೆ. ಆ ಸುಳ್ಳು ತಾರೀಖು ದಾಟಿದೊಡನೆ ಗಿರಾಕಿಯ ಮೊಬೈಲಿಗೆ 'ಬಾಕಿ ಕಟ್ಟಿ' ಎಂಬ ಸಂದೇಶ ತಾನಾಗಿ ಹೋಗುವ ಏರ್ಪಾಟೂ ಇತ್ತು. ನಾವು ತಡೆದೆವು. ತಾರೀಖಿನ ಪಕ್ಕ 'ಸುಗ್ಗಿ' ಎಂಬ ಇನ್ನೊಂದು ಖಾನೆ ಬಂತು, ಕೆಂಪು ಚುಕ್ಕೆ ಹೋಯಿತು.

ಆಪಾ ಪುಸ್ತಕ ಮಗುಚುತ್ತಾ ಒಂದು ಹೆಸರಿನಲ್ಲಿ ನಿಂತರು. "ಎರಡು-ಆರು, ಎಡಗೈಗೆ ಸೋಪಿನ ನೀರು ಬೇಕು. ಬಾಕಿ 340. ಗಂಡ ತೀರಿಕೊಂಡ."

ಹುಡುಗ ಎರಡೇ ಸ್ಥಿತಿ ಇಟ್ಟಿದ್ದ, ಬಾಕಿ ಮತ್ತು ಚುಕ್ತಾ. 'ಮನ್ನಾ' ಎಂದು ಮೂರನೆಯದನ್ನು ಸೇರಿಸಲೇ ಎಂದ.

"ಬೇಡ ಬೇಟಾ. ಮನ್ನಾ ಎಂದು ಗೊತ್ತಾದರೆ ಅವಳು ಇನ್ನು ಅಂಗಡಿ ಮುಂದೆ ಹಾಯುವುದಿಲ್ಲ. ಬಾಕಿ ಬಾಕಿಯಾಗಿಯೇ ಇರಲಿ. ನಾವು ಕೇಳುವುದಿಲ್ಲ, ಅಷ್ಟೆ."

ಅವನು ಸ್ವಲ್ಪ ಹೊತ್ತು ಪರದೆ ನೋಡಿದ. ಆಮೇಲೆ 'ಕೇಳಬಾರದು' ಎಂಬ ಹೊಸ ಸ್ಥಿತಿ ಮಾಡಿದ. ಅದರೊಳಗಿನ ಹೆಸರಿಗೆ ಸಂದೇಶ ಹೋಗುವುದಿಲ್ಲ. ಸಂಜೆಯೊಳಗೆ ಆಪಾ ಅದರೊಳಗೆ ಹನ್ನೊಂದು ಹೆಸರು ಬರೆಸಿದರು.