ಅಪ್ಪನ ಹಿಮ್ಮಡಿ

ಅಪ್ಪನಿಗೆ ಈಗ 56. ಊರಿನ ಶಾಲಾ ಮೈದಾನದಲ್ಲಿ ವಾಲಿಬಾಲ್ ಆಡುತ್ತಲೇ ವಯಸ್ಸಾದವರು. ಕಳೆದ ವರ್ಷ ಒಂದು ಸಂಜೆ ಆಟ ಮುಗಿಸಿ ಬಂದವರು ಮನೆಯ ಮೆಟ್ಟಿಲು ಹತ್ತಲು ಗೋಡೆ ಹಿಡಿದರು. ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ಊದಿಕೊಂಡಿತ್ತು. "ಈ ವಯಸ್ಸಲ್ಲಿ ಇದೆಲ್ಲ ಬೇಕಾ?" ಎಂದು ನಾನು ಹಾಸ್ಟೆಲಿನಿಂದ ಫೋನಿನಲ್ಲೇ ಗದರಿದೆ. ಅವರು ಆಟ ಬಿಟ್ಟರು.

ಎರಡು ತಿಂಗಳ ನಂತರ ಊರಿಗೆ ಹೋದೆ. ನೋವು ಹಾಗೇ ಇತ್ತು, ಮಾತು ಕಡಿಮೆಯಾಗಿತ್ತು. ಸಂಜೆ ಮೈದಾನದ ಕಡೆಯಿಂದ ಕೂಗು ಕೇಳಿದರೆ ಅಪ್ಪ ಟಿವಿಯ ಸದ್ದು ಜೋರು ಮಾಡುತ್ತಿದ್ದರು.

ನಾನೇ ಅವರನ್ನು ಫಿಸಿಯೋಥೆರಪಿಸ್ಟ್ ಬಳಿ ಕರೆದೊಯ್ದೆ. ಬರೀ ವಿಶ್ರಾಂತಿಯಿಂದ ಸ್ನಾಯುರಜ್ಜು ಗಟ್ಟಿಯಾಗದು ಎಂದರು ಆಕೆ. ಅದಕ್ಕೆ ರಕ್ತಸಂಚಾರ ಕಡಿಮೆ. ಮಾಂಸಖಂಡಕ್ಕಿಂತ ನಿಧಾನವಾಗಿ ಬಲಗೊಳ್ಳುತ್ತದೆ. ಆಟವೇ ವ್ಯಾಯಾಮ ಎಂದು ನಂಬಿದವರು ಎಡವುವುದು ಇಲ್ಲೇ. ವಯಸ್ಸಾದಂತೆ, ಆಡುವ ದೇಹವನ್ನು ಆಟದ ಹೊರಗೆ ಕಟ್ಟಿಕೊಳ್ಳಬೇಕು.

ಆಕೆ ಕೊಟ್ಟದ್ದು ಸ್ವೀಡನ್ನಿನ ವೈದ್ಯ ಹೋಕಾನ್ ಆಲ್ಫ್ರೆಡ್ಸನ್ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಕ್ರಮ. ಮೆಟ್ಟಿಲ ಅಂಚಿನಲ್ಲಿ ಮುಂಗಾಲೂರಿ ನಿಂತು, ನೋವಿರುವ ಕಾಲಿನ ಹಿಮ್ಮಡಿಯನ್ನು ನಿಧಾನವಾಗಿ ಕೆಳಗಿಳಿಸಬೇಕು; ಮೇಲೇರಲು ಇನ್ನೊಂದು ಕಾಲು. ಮಂಡಿ ನೇರವಿಟ್ಟು 15ರಂತೆ 3 ಸುತ್ತು, ಮಡಿಸಿ 3 ಸುತ್ತು. ದಿನಕ್ಕೆ 2 ಸಲ, 12 ವಾರ. ಅಂದರೆ ದಿನಕ್ಕೆ 180.

"ಇದು ಆಟವಲ್ಲ, ಗಾಣ ಸುತ್ತೋದು" ಎಂದು ಅಪ್ಪ ಗೊಣಗಿದರು. ನಾನು ಕೊಡಗಿನ ರೋಹನ್ ಬೋಪಣ್ಣನವರ ಕಥೆ ಹೇಳಿದೆ. ಮಂಡಿಯ ಮೃದ್ವಸ್ಥಿ ಸವೆದಿದ್ದ ಅವರು ಅಯ್ಯಂಗಾರ್ ಯೋಗದಿಂದ ಕಾಲುಗಳನ್ನು ಬಲಪಡಿಸಿಕೊಂಡರು. 2024ರ ಜನವರಿಯಲ್ಲಿ, 43ನೇ ವಯಸ್ಸಿಗೆ, ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದರು. ಅಪ್ಪ ಮರುಮಾತಾಡದೆ ಎದ್ದು ಜಗಲಿಯ ಮೆಟ್ಟಿಲಿಗೆ ಹೋದರು.

ನಾನು ದಿನಾ ರಾತ್ರಿ ಫೋನ್ ಮಾಡಿ ಲೆಕ್ಕ ಕೇಳುತ್ತಿದ್ದೆ. ಕೆಲವು ದಿನ ಸುಳ್ಳು ಹೇಳುತ್ತಿದ್ದರು. ಹಿಂದಿನಿಂದ ಅಮ್ಮ ತಿದ್ದುತ್ತಿದ್ದಳು. ನಾಲ್ಕನೇ ತಿಂಗಳಲ್ಲಿ ಮತ್ತೆ ಅಂಗಳಕ್ಕಿಳಿದರು. ವಾರಕ್ಕೆ 2 ದಿನ ಮಾತ್ರ, ಹಿಂದಿನ ಸಾಲಿನಲ್ಲಿ, ಜಿಗಿದು ಹೊಡೆಯುವುದಿಲ್ಲ. ಮೆಟ್ಟಿಲ ವ್ಯಾಯಾಮ ನಿಂತಿಲ್ಲ.

ಅವತ್ತು ನಾನು ಗದರಿದ್ದನ್ನು ಕಾಳಜಿ ಎಂದುಕೊಂಡಿದ್ದೆ. ಅದರಲ್ಲಿ ಅರ್ಧ ಸೋಮಾರಿತನವೂ ಇತ್ತು. 'ಬಿಟ್ಟುಬಿಡಿ' ಎನ್ನಲು ಒಂದು ಫೋನ್ ಸಾಕು. 'ಆಡಿ' ಎನ್ನಬೇಕಾದರೆ 12 ವಾರ ಜೊತೆಗಿರಬೇಕು.

ಈಗ ಪ್ರಬಂಧ ಬರೆಯುತ್ತ ಕೂತು ನನ್ನ ಬೆನ್ನೇ ಹಿಡಿದುಕೊಂಡಿದೆ. ರಾತ್ರಿಯ ಫೋನಿನಲ್ಲಿ ಲೆಕ್ಕ ಕೇಳುವವರು ಅಪ್ಪ.