ಮೂರು ರಸೀದಿಗಳ ಲೆಕ್ಕ



ನಿಮ್ಮಲ್ಲಿ ಹಲವರು ದಿನವೂ ಕಂಪ್ಯೂಟರಿನಲ್ಲಿ ವರದಿ ತೆಗೆಯುವ ಕೆಲಸದಲ್ಲಿದ್ದೀರಿ. ಆದ್ದರಿಂದ ನಾನೊಮ್ಮೆ ಮಾಡಿದ ತಪ್ಪನ್ನು ನಿಮ್ಮ ಮುಂದೆ ಹೇಳಿಬಿಡುತ್ತೇನೆ.

2014ರಲ್ಲಿ ಮುಂಬಯಿಯ ನಮ್ಮ ಸಂಘದ ಕಟ್ಟಡ ನಿಧಿಯ ಲೆಕ್ಕಪಟ್ಟಿ ಸಿದ್ಧಪಡಿಸುವ ಹೊಣೆ ನನ್ನ ಪಾಲಿಗೆ ಬಂತು. ಇದ್ದದ್ದು ಎರಡು ಪಟ್ಟಿ. ಒಂದರಲ್ಲಿ ಸದಸ್ಯರ ಸಂಖ್ಯೆ, ಹೆಸರು, ಕೊಡಲು ಒಪ್ಪಿದ ಮೊತ್ತ. ಇನ್ನೊಂದರಲ್ಲಿ ಸದಸ್ಯ ಸಂಖ್ಯೆ, ರಸೀದಿ, ಬಂದ ಹಣ. ಆಫೀಸಿನಲ್ಲಿ ಕೈಪಳಗಿದ್ದ ‘ಎಸ್‌ಕ್ಯೂಎಲ್ ಸರ್ವರ್ ರಿಪೋರ್ಟಿಂಗ್ ಸರ್ವಿಸಸ್’ನಲ್ಲಿ ಇವನ್ನು ಎರಡು ಡೇಟಾಸೆಟ್‌ಗಳಾಗಿ ಇಟ್ಟುಕೊಂಡೆ. ಸದಸ್ಯ ಸಂಖ್ಯೆಯ ಆಧಾರದ ಮೇಲೆ ‘ಲುಕಪ್’ ಬಳಸಿ ಪ್ರತಿ ಹೆಸರಿನ ಮುಂದೆ ಬಂದ ಹಣ ತರಿಸಿದೆ. ಪಟ್ಟಿ ಅಚ್ಚುಕಟ್ಟಾಗಿ ಬಂತು. ಮಹಾಸಭೆಯಲ್ಲಿ ಹಂಚಿದ್ದೂ ಆಯಿತು.

ಮರುದಿನ ಬೆಳಿಗ್ಗೆ ಹಿರಿಯ ಸದಸ್ಯರೊಬ್ಬರು ಮನೆಗೆ ಬಂದರು. ಹೋಟೆಲಿನ ಗಲ್ಲಾದಲ್ಲಿ ಕೂತು ಆಯುಷ್ಯ ಕಳೆದವರು. ಪ್ಲಾಸ್ಟಿಕ್ ಚೀಲದಿಂದ ಮೂರು ರಸೀದಿ ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟರು. ಒಂದೊಂದೂ 5,000 ರೂಪಾಯಿಯದು. ಒಪ್ಪಿದ್ದ 15,000 ಪೂರ್ತಿ ಸಂದಿತ್ತು. ನನ್ನ ಪಟ್ಟಿಯಲ್ಲಿ ಮಾತ್ರ ‘ಬಂದದ್ದು 5,000, ಬಾಕಿ 10,000’.

“ನಾನು ಬೇರೆಯವರ ಗಲ್ಲಾ ಕಾದವ ಮಾರಾಯ್ರೇ. ಒಂದು ಪೈಸೆ ಹೆಚ್ಚುಕಮ್ಮಿ ಆಗಲಿಲ್ಲ. ನಿಮ್ಮ ಕಂಪ್ಯೂಟರು ಮೊದಲನೇ ರಸೀದಿ ನೋಡಿ ಪುಸ್ತಕ ಮುಚ್ಚಿತೋ ಹೇಗೆ?” ಎಂದರು.

ಆಗಿದ್ದದ್ದು ಅದೇ! ‘ಲುಕಪ್’ ಮೊದಲು ಹೊಂದಿಕೆಯಾದ ಒಂದು ಸಾಲನ್ನಷ್ಟೇ ತರುತ್ತದೆ. ಎಕ್ಸೆಲ್‌ನ ‘ವಿ-ಲುಕಪ್’ ಕೂಡ ಹಾಗೆಯೇ. ಅಲ್ಲಿ ಎಲ್ಲ ಕಂತುಗಳನ್ನು ಕೂಡಿಸಬೇಕಾದರೆ ‘ಸಮ್‌ಇಫ್’ ಬೇಕು. ಹೆಚ್ಚಿನವರು ಒಂದೇ ಬಾರಿಗೆ ಹಣ ಕೊಟ್ಟಿದ್ದರಿಂದ ತಪ್ಪು ನನ್ನ ಕಣ್ಣಿಗೆ ಬೀಳಲಿಲ್ಲ. ಕಷ್ಟಪಟ್ಟು ಕಂತಿನಲ್ಲಿ ಕೊಟ್ಟವರೇ ಬಾಕಿದಾರರಾದರು.

ಅಂದೇ ತಿದ್ದಲು ಕೂತೆ. ಎರಡೂ ಪಟ್ಟಿಗಳನ್ನು ಜೋಡಿಸಿ ಒಂದೇ ಡೇಟಾಸೆಟ್ ಮಾಡಿದೆ. ಬಂದ ಹಣ ಸರಿಯಾಯಿತು, ಆದರೆ ಹಿರಿಯರು ಒಪ್ಪಿದ ಮೊತ್ತ 45,000 ಎಂದು ತೋರಿಸಿತು! ಮೂರು ರಸೀದಿಯ ಜೊತೆ ಅವರ ಹೆಸರೂ ಮೂರು ಸಾಲಾಗಿ, 15,000 ಮೂರು ಸಲ ಕೂಡಿಕೊಂಡಿತ್ತು. ಮೊದಲ ತಪ್ಪು ಕೊಟ್ಟದ್ದನ್ನು ಇಳಿಸಿತ್ತು, ಎರಡನೆಯದು ಒಪ್ಪಿದ್ದನ್ನು ಏರಿಸಿತು.

ಸರಿಯಾದ ದಾರಿ ಎರಡಿವೆ. ಮೊದಲನೆಯದು, ಜೋಡಿಸುವ ಮುನ್ನವೇ ಕ್ವೆರಿಯಲ್ಲಿ ರಸೀದಿಗಳನ್ನು ಸದಸ್ಯ ಸಂಖ್ಯೆಯಂತೆ ಗುಂಪು ಮಾಡಿ ಕೂಡಿಸುವುದು. ಆಗ ಒಬ್ಬರಿಗೆ ಒಂದೇ ಸಾಲು. ನಾನು ಹಿಡಿದದ್ದು ಈ ದಾರಿಯನ್ನೇ. ಎರಡನೆಯದು, ‘ಲುಕಪ್‌ಸೆಟ್’. ಅದು ಹೊಂದುವ ಎಲ್ಲ ಮೊತ್ತಗಳನ್ನೂ ಒಂದು ಕಟ್ಟಾಗಿ ತಂದುಕೊಡುತ್ತದೆ. ಆದರೆ ಆ ಕಟ್ಟನ್ನು ‘ಸಮ್’ ನೇರವಾಗಿ ಕೂಡಿಸುವುದಿಲ್ಲ. ವರದಿಯ ಕೋಡ್ ವಿಭಾಗದಲ್ಲಿ ವಿಷುಯಲ್ ಬೇಸಿಕ್‌ನ ನಾಲ್ಕಾರು ಸಾಲು ಬರೆದು, ಒಂದೊಂದನ್ನೇ ತೆಗೆದು ಕೂಡಿಸಬೇಕು. ಇಂದಿನ ಪವರ್ ಬಿಐನ ಪುಟವಾರು ವರದಿಗಳಲ್ಲೂ ಇದೇ ಸೂತ್ರಗಳಿವೆ.

ಕೊನೆಗೊಂದು ತಾಳೆ ನೋಡುವುದನ್ನು ಮರೆಯಬೇಡಿ. ‘ಸಮ್’ನಲ್ಲಿ ರಸೀದಿಗಳ ಡೇಟಾಸೆಟ್ ಹೆಸರು ಕೊಟ್ಟರೆ ಆ ಪಟ್ಟಿಯ ಪೂರ್ತಿ ಮೊತ್ತ ಸಿಗುತ್ತದೆ. ಸದಸ್ಯರ ಸಾಲುಗಳ ಮೊತ್ತವೂ ಅದೂ ಒಂದೇ ಆಗಿರಬೇಕು. ಅಂದು ನಾನು ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದ್ದರೆ ಆ ಹಿರಿಯರು ರಸೀದಿ ಹಿಡಿದುಕೊಂಡು ಮೆಟ್ಟಿಲು ಹತ್ತಬೇಕಿರಲಿಲ್ಲ.

ತಿದ್ದಿದ ಪಟ್ಟಿಯನ್ನೂ ಕ್ಷಮೆ ಕೇಳಿದ ಪತ್ರವನ್ನೂ ನಾನೇ ಅವರ ಮನೆಗೆ ಒಯ್ದೆ. ಕಂತಿನಲ್ಲಿ ಕೊಟ್ಟ ಉಳಿದವರ ಮನೆಗಳಿಗೂ ಹೋದೆ. ಅವರು ಕನ್ನಡಕ ಏರಿಸಿ ಮೇಲಿನಿಂದ ಕೆಳಗಿನವರೆಗೆ ಬೆರಳಿಟ್ಟು ಕೂಡಿಸಿದರು. “ಈಗ ಸರಿ ಉಂಟು. ಕೂತುಕೊಳ್ಳಿ, ಕಾಪಿ ಕುಡಿದು ಹೋಗಿ” ಎಂದರು.

ಇಂದಲ್ಲ ನಾಳೆ ಸಂಘದ ಲೆಕ್ಕ ನಿಮ್ಮ ಕೈಗೆ ಬರುತ್ತದೆ. ಎರಡು ಪಟ್ಟಿಗಳನ್ನು ಕೂಡಿಸುವ ಮೊದಲು, ಈ ಒಂದು ಹೆಸರಿಗೆ ಆ ಕಡೆ ಎಷ್ಟು ಸಾಲುಗಳಿವೆ ಎಂದು ಕೇಳಿಕೊಳ್ಳಿ. ಪ್ರತಿ ಸಾಲಿನ ಹಿಂದೆ ಒಬ್ಬರ ಮರ್ಯಾದೆ ಇರುತ್ತದೆ.